ಬೋಟು ಜವಾಬು ಕೊಡುತ್ತಿತ್ತು

ಬೋಟು ಕಟ್ಟಿದ ಜಾಗದಲ್ಲೇ ಮುಳುಗಿದ ಮೇಲೆ ನನ್ನನ್ನು ಕರೆಸಿದರು. ಹೊಳೆಯ ನಡುವೆ ಹೋಗಿ ಮುಳುಗಿದ್ದಲ್ಲ. ದಂಡೆಯ ಬಂಡೆಗೆ ಹಗ್ಗ ಬಿಗಿದು ನಿಲ್ಲಿಸಿದ್ದ ಫೈಬರ್ ಬೋಟಿನೊಳಗೆ ಜಡಿಮಳೆಯ ನೀರು ತುಂಬಿತ್ತು. ಹಿಂದಿನ ಇಂಜಿನ್ನಿನ ಭಾರಕ್ಕೆ ಜಗ್ಗಿ, ಯಾರೂ ಇಲ್ಲದ ಹೊತ್ತಿನಲ್ಲಿ ಅದು ಮೆಲ್ಲಗೆ ತಳ ಸೇರಿತ್ತು. ಕ್ರೇನ್ ತರಿಸಿ ಎತ್ತಿದಾಗ ಇಂಜಿನ್ನಿನ ತುಂಬ ಕೆಸರು.

ಆ ಬೋಟು ಇದ್ದದ್ದು ನಾರಾಯಣಪುರದ ಅಣೆಕಟ್ಟಿನ ಕೆಳಗೆ, ಸುರಪುರ ತಾಲೂಕಿನ ದಂಡೆಯಲ್ಲಿ. ಎದುರಿಗೆ ಕೃಷ್ಣೆಯ ನಡುವೆ ಒಂದು ನಡುಗಡ್ಡೆ. ಅಲ್ಲಿ ಕೆಲವು ಮನೆಗಳು, ಕುರಿಹಟ್ಟಿಗಳು, ಸಜ್ಜೆ ತೊಗರಿಯ ಹೊಲ, ಒಂದು ಅಂಗನವಾಡಿ. ಬೇಸಿಗೆಯಲ್ಲಿ ಜನ ಕಲ್ಲಿನಿಂದ ಕಲ್ಲಿಗೆ ಕಾಲಿಡುತ್ತ ಮೊಣಕಾಲುದ್ದ ನೀರಿನಲ್ಲಿ ದಾಟಿ ಬರುತ್ತಾರೆ. ಮೇಲೆ ಗೇಟು ಎತ್ತಿದರೆಂದರೆ ಆ ಕಲ್ಲುಗಳೆಲ್ಲ ಮಾಯ. ಆಮೇಲೆ ಆ ಬೋಟೊಂದೇ ದಾರಿ. ಬೇಕಾದ ದಿನ ಸಿದ್ಧವಾಗಿರಬೇಕು, ಉಳಿದ ದಿನ ಅದರ ಕಡೆ ಯಾರೂ ತಿರುಗಿ ನೋಡುವುದಿಲ್ಲ.

ನಾನು ಶಹಾಪುರದಲ್ಲಿ ಪಂಪ್‌ಸೆಟ್ಟುಗಳಿಗೆ ಮೊಬೈಲ್ ಸ್ಟಾರ್ಟರ್ ಕೂಡಿಸುವವನು. ಮನೆಯಲ್ಲಿ ಕೂತು ಫೋನ್ ಹಚ್ಚಿದರೆ ಹೊಲದ ಮೋಟರು ಶುರುವಾಗುತ್ತದೆ, ಕರೆಂಟು ಇದೆಯೋ ಇಲ್ಲವೋ ಎಂದು ಪೆಟ್ಟಿಗೆಯೇ ಮೆಸೇಜು ಕಳಿಸುತ್ತದೆ. ಕಾಲುವೆ ನೀರು ಬಂದ ಮೇಲೆ ನಮ್ಮ ಕಡೆ ಇದಿಲ್ಲದ ಹೊಲ ಕಡಿಮೆ. ಬೋಟಿನ ಉಸ್ತುವಾರಿ ನೋಡುತ್ತಿದ್ದ ಸಾಹೇಬರು ಯಾರದೋ ಗದ್ದೆಯಲ್ಲಿ ಇದನ್ನು ಕಂಡು ನನ್ನ ಹುಡುಕಿಸಿದ್ದರು.

"ಮೋಟರ್ ಮಾತಾಡ್ತದಂದ್ರ ಬೋಟ್ ಯಾಕ ಮಾತಾಡಬಾರ್ದ್ರಿ?" ಎಂದರು ಸಾಹೇಬರು, ದಂಡೆಯ ಮೇಲೆ ನಿಂತು. "ಒಳಗ ನೀರು ತುಂಬಿದ್ರ ತಿಳೀಬೇಕು, ಹಗ್ಗ ಹರದ್ರ ತಿಳೀಬೇಕು, ಬ್ಯಾಟ್ರಿ ಇಳದ್ರ ತಿಳೀಬೇಕು. ಇಷ್ಟ ಮಾಡಿಕೊಡ್ರಿ."

ಅಷ್ಟೇ ತಾನೆ ಎಂದು ನಾನೂ ಅಂದುಕೊಂಡೆ. ನನ್ನ ಜೊತೆ ಸುರಪುರದ ಇಂಜಿನ್ ಮಿಸ್ತ್ರಿ ಬಂದಿದ್ದ. ಮನೆಯಲ್ಲಿ ಉರ್ದು, ಗ್ಯಾರೇಜಿನಲ್ಲಿ ಕನ್ನಡ ಆಡುವವನು, ನನ್ನ ಹಳೆಯ ಗೆಳೆಯ. ಕೆಸರು ಕುಡಿದ ಇಂಜಿನ್ ಬಿಚ್ಚಿ ತೊಳೆಯುವ ಕೆಲಸ ಅವನದು. ಬೋಟು ನಡೆಸುವ ಅಂಬಿಗನೂ ಇದ್ದ. ಮಳೆಗಾಲದಲ್ಲಿ ದಿನಗೂಲಿಯ ಮೇಲೆ ಬಂದು, ನೀರು ಇಳಿದ ಮೇಲೆ ಊರಿಗೆ ಹೋಗುವವನು.

ಮೊದಲನೆಯ ತೊಡಕು ಸಿಗ್ನಲ್. ಹೊಳೆ ಆ ಜಾಗದಲ್ಲಿ ಬಂಡೆಗಳ ನಡುವೆ ಆಳಕ್ಕೆ ಇಳಿದಿದೆ. ದಂಡೆಯ ಮೇಲೆ ಹತ್ತುವ ಫೋನು ಬೋಟಿನಲ್ಲಿ ಹತ್ತುತ್ತಿರಲಿಲ್ಲ. ಪೆಟ್ಟಿಗೆಯನ್ನು ದಂಡೆಯ ಮೇಲಿಟ್ಟು ಬೋಟಿಗೆ ತಂತಿ ಎಳೆಯೋಣವೆಂದರೆ, ನೀರು ಏರಿ ಇಳಿದಂತೆಲ್ಲ ಬೋಟು ಜಾಗ ಬದಲಿಸುತ್ತದೆ, ತಂತಿ ಉಳಿಯುವುದಿಲ್ಲ. ಬೋಟಿನ ಹಿಂಬದಿಗೆ ಕಬ್ಬಿಣದ ಪೈಪು ನಿಲ್ಲಿಸಿ ಅದರ ತುದಿಗೆ ಆಂಟೆನಾ ಕಟ್ಟಿದೆವು. ಆಗ ಸಿಕ್ಕಿದ್ದು ನಮ್ಮ ಕಡೆಯ ಟವರಲ್ಲ, ಹೊಳೆಯಾಚೆಯ ರಾಯಚೂರು ಸೀಮೆಯದು.

ಎರಡನೆಯದು ನೀರಿನ ಲೆಕ್ಕ. ಬೋಟಿನ ತಳದಲ್ಲಿ ನೀರು ಹರಿದು ಕೂಡುವ ಒಂದು ತಗ್ಗು ಇರುತ್ತದೆ. ಅಲ್ಲಿ ಒಂದರ ಮೇಲೊಂದು ಎರಡು ತೇಲುಗುಂಡಿನ ಸ್ವಿಚ್ಚು ಹಾಕಿದೆ. ನೀರು ಕೆಳಗಿನದನ್ನು ಎತ್ತಿದರೆ ಪಂಪು ತಾನೇ ಶುರುವಾಗಿ ಹೊರಗೆ ಚೆಲ್ಲಬೇಕು. ಪಂಪು ಸೋತು ನೀರು ಮೇಲಿನದಕ್ಕೂ ಮುಟ್ಟಿದರೆ ಸೈರನ್ ಕೂಗಬೇಕು, ನಮ್ಮೆಲ್ಲರಿಗೂ ಮೆಸೇಜು ಹೋಗಬೇಕು. ಶಹಾಪುರದ ಅಂಗಡಿಯಲ್ಲಿ ಬಕೆಟ್ಟಿನೊಳಗೆ ಇಟ್ಟು ನೋಡಿದಾಗ ಚೆನ್ನಾಗಿ ನಡೆದಿತ್ತು. ಹೊಳೆಯಲ್ಲಿ ಮೊದಲ ವಾರವೇ ಪಾಚಿ ಸುತ್ತಿ ಕೆಳಗಿನ ಗುಂಡು ಕಚ್ಚಿಕೊಂಡಿತು. ತೂತು ಕೊರೆದ ಪ್ಲಾಸ್ಟಿಕ್ ಡಬ್ಬಿಯೊಳಗೆ ಕೂಡಿಸಿದೆ. ತೆರೆ ಬಡಿದು ಬೋಟು ಅಲುಗಿದರೂ ಮೇಲಿನ ಗುಂಡು ಕುಣಿದು ಸೈರನ್ ಕೂಗುತ್ತಿತ್ತು. ನೀರು ಸ್ವಲ್ಪ ಹೊತ್ತು ನಿಂತರೆ ಮಾತ್ರ ಕೂಗುವಂತೆ ತಿದ್ದಿದೆ.

ಹಗ್ಗದೊಳಗೆ ಸಣ್ಣ ತಂತಿ ಹೆಣೆದದ್ದು ಇನ್ನೊಂದು ಪೀಕಲಾಟ. ಹಗ್ಗ ಹರಿದರೆ ತಂತಿಯೂ ಹರಿದು ಸುದ್ದಿ ಕೊಡಬೇಕೆಂದು ಉಪಾಯ. ಆದರೆ ನೀರಿಗಿಳಿದ ಎಮ್ಮೆಗಳು ಆ ಹಗ್ಗಕ್ಕೇ ಕುತ್ತಿಗೆ ತಿಕ್ಕುತ್ತಿದ್ದವು. ಹಗ್ಗ ಗಟ್ಟಿಯಿದ್ದರೂ ತಂತಿ ಹರಿಯುತ್ತಿತ್ತು. ಅಂಬಿಗ ಉಣ್ಣುವ ತುತ್ತು ಬಿಟ್ಟು ಓಡಿ ಬಂದರೆ, ಬೋಟು ಇದ್ದಲ್ಲೇ ಇದೆ, ಪಕ್ಕದಲ್ಲಿ ಎಮ್ಮೆ ಕಣ್ಣುಮುಚ್ಚಿ ಮೆಲುಕು ಹಾಕುತ್ತಿದೆ.

"ನನ್ನ ಹೇಣ್ತಿಗಿಂತ ಇದಕ್ಕ ನನ್ನ ನೆನಪು ಭಾಳ ಆಗ್ತದ್ರಿ," ಎಂದು ಅವನು ನಗುತ್ತಿದ್ದ. ನಗುತ್ತಲೇ ಹೊಸ ಹಗ್ಗಕ್ಕೆ ರಬ್ಬರು ಪೈಪು ತೊಡಿಸಿ ಕೊಟ್ಟ. ಆ ತೊಂದರೆ ನಿಂತಿತು.

ಬೇಸಿಗೆ ಬಂದಾಗ ಬಿಸಿಲಿಗೆ ಪೆಟ್ಟಿಗೆಯೊಳಗಿನ ಸಿಮ್ಮು ಡೊಂಕಾಗಿ ಬೋಟು ಮೂಕವಾಯಿತು. ಪೆಟ್ಟಿಗೆಗೆ ಬಿಳಿ ಬಣ್ಣ ಬಳಿದು ಮೇಲೊಂದು ತಗಡಿನ ನೆರಳು ಕಟ್ಟಿದೆ. ಕಣಜದ ಹುಳು ತಂತಿ ಹೋಗುವ ತೂತಿನಲ್ಲಿ ಮಣ್ಣಿನ ಗೂಡು ಕಟ್ಟಿತು. ತಂತಿಯ ತುದಿಗಳಿಗೆ ಹಸಿರು ಕಿಲುಬು ಹಿಡಿಯಿತು. ಒರೆಸಿ ಗ್ರೀಸು ಮೆತ್ತಿದೆ. ಶಹಾಪುರದಿಂದ ಸುರಪುರ, ಅಲ್ಲಿಂದ ಮಿಸ್ತ್ರಿಯನ್ನು ಹತ್ತಿಸಿಕೊಂಡು ಕಕ್ಕೇರಾ ದಾಟಿ ಹೊಳೆಗೆ. ಬೈಕು ಆ ದಾರಿಯನ್ನು ತಾನೇ ಕಲಿತಂತಿತ್ತು.

ಪೆಟ್ಟಿಗೆಯ ಮುಚ್ಚಳದ ಮೇಲೆ ಅದರ ಫೋನ್ ನಂಬರನ್ನು ಬಣ್ಣದಲ್ಲಿ ಬರೆದಿದ್ದೆ, ನಮ್ಮ ಅನುಕೂಲಕ್ಕೆ. ಆ ನಂಬರಿಗೆ ಮಿಸ್ಡ್ ಕಾಲ್ ಕೊಟ್ಟರೆ ಬೋಟು ತನ್ನ ಸ್ಥಿತಿ ಹೇಳುತ್ತಿತ್ತು. ಇಂಗ್ಲಿಷಿನಲ್ಲಿ ಬರೆದರೆ ಅಂಬಿಗನಿಗೆ ತಿಳಿಯುವುದಿಲ್ಲವೆಂದು ನಮ್ಮ ಮಾತಿನಲ್ಲೇ ಬರೆದೆ: "ಒಳಗ ನೀರಿಲ್ಲ. ಬ್ಯಾಟ್ರಿ ಚಲೋ ಅದ. ಹಗ್ಗ ಗಟ್ಟಿ ಅದ."

ಒಂದು ದಿನ ಅಂಗಡಿಗೆ ಹೊಸ ನಂಬರಿನಿಂದ ಫೋನ್ ಬಂತು. ಹೆಣ್ಣು ದನಿ.

"ಅಣ್ಣಾರ, ನಾ ಗಡ್ಡಿಯಾಗಿನ ಅಂಗನವಾಡಿ ಟೀಚರ್ ರಿ. ಬೋಟ್‌ನ್ಯಾಗ ಬರಾಗ ಡಬ್ಬಿ ಮ್ಯಾಲಿನ ನಂಬರ್ ಬರಕೊಂಡಿದ್ದೆ. ಸುಮ್ಕ ಹಚ್ಚಿ ನೋಡಿದ್ರ ಅದು ಜವಾಬು ಕೊಟ್ಟದ ನೋಡ್ರಿ!"

"ಯಾರು ಹಚ್ಚಿದ್ರೂ ಕೊಡ್ತದ ತಂಗಿ," ಎಂದೆ.

"ಹಂಗಾದ್ರ ನಮ್ಮ ಮಂದಿಗಿ ಎಲ್ಲಾರಿಗಿ ಹೇಳ್ತೀನ್ರಿ. ಹೊಳಿ ಬಂದಾಗ ಬೋಟ್ ಅದನೋ ಇಲ್ಲೋ ಅಂತ ನಮಗ ಭಾಳ ಅಂಜಿಕಿ ಇರ್ತದ."

ಅವಳು ನಡುಗಡ್ಡೆಗೆ ಸೊಸೆಯಾಗಿ ಬಂದವಳು. ಗಂಡ ಕುರಿ ಕಾಯುತ್ತಿದ್ದ, ಹೊಲ ನೋಡುತ್ತಿದ್ದ. ಅವಳ ಮಾತು ಕೇಳಿ ಅಲ್ಲಿಯ ಎಲ್ಲ ಮನೆಗಳಿಗೂ ಅದು ರೂಢಿಯಾಯಿತು. ಬೆಳಿಗ್ಗೆ ಎದ್ದರೆ ಬೋಟಿಗೊಂದು ಮಿಸ್ಡ್ ಕಾಲ್. ಕಣ್ಣು ಮಂಜಾದ ಮುದುಕಿಯೊಬ್ಬಳು ಮೆಸೇಜು ಯಾರಿಂದಾದರೂ ಓದಿಸಿಕೊಂಡು, "ಇರ್ಲೆವ್ವ, ಚಲೋ ಇರ್ಲಿ," ಅನ್ನುತ್ತಿದ್ದಳಂತೆ. ಟೀಚರಮ್ಮ ಹೇಳಿ ನಕ್ಕಿದ್ದಳು.

ಅದರ ಫಲ ಬ್ಯಾಟರಿಯ ಮೇಲೆ ಬಿತ್ತು. ಪ್ರತಿ ಜವಾಬಿಗೂ ಪೆಟ್ಟಿಗೆ ಎಚ್ಚರಾಗಬೇಕು, ದೂರದ ಟವರಿಗೆ ಜೋರು ಮಾಡಿ ಕಳಿಸಬೇಕು. ಇಂಜಿನ್ ಸ್ಟಾರ್ಟ್ ಮಾಡುವುದೂ ಪಂಪು ಓಡಿಸುವುದೂ ಅದೇ ಬ್ಯಾಟರಿ. ಇಂಜಿನ್ ನಡೆಯದ ವಾರವೊಂದರಲ್ಲಿ ಅದು ಪೂರ್ತಿ ಇಳಿಯಿತು. ಬೋಟು ಕಾಯಲೆಂದು ಇಟ್ಟದ್ದೇ ಬೋಟಿನ ರಕ್ತ ಹೀರುತ್ತಿತ್ತು.

"ಗಡ್ಡಿ ಮಂದಿ ನಂಬರೆಲ್ಲ ಬಂದ್ ಮಾಡಿಬಿಡ್ರಿ," ಎಂದರು ಸಾಹೇಬರು. "ಅವ್ರಿಗ್ಯಾಕ ಬೇಕು?"

ಅವರು ಹೇಳಿದ್ದು ಸುಲಭದ ಕೆಲಸ. ನಾನು ಮಾಡಲಿಲ್ಲ. ಪೆಟ್ಟಿಗೆಗೆಂದೇ ಬೇರೆ ಸಣ್ಣ ಬ್ಯಾಟರಿ ಹಾಕಿ, ತಗಡಿನ ನೆರಳಿನ ಮೇಲೆ ಸೋಲಾರ್ ಹಲಗೆ ಕೂಡಿಸಿದೆ. ಇಂಜಿನ್ನಿನ ಬ್ಯಾಟರಿಗೆ ಕೈ ಹಚ್ಚದಂತೆ ಎರಡನ್ನೂ ಬೇರೆ ಮಾಡಿದೆ. ಆ ಮಳೆಗಾಲವೆಲ್ಲ ಬೋಟು ಒಮ್ಮೆಯೂ ತಪ್ಪಲಿಲ್ಲ. ಮಳೆ ನೀರು ತುಂಬಿತು, ಪಂಪು ಚೆಲ್ಲಿತು. ಹಗ್ಗ ಸವೆಯಿತು, ಸುದ್ದಿ ಬಂತು, ಅಂಬಿಗ ಬದಲಿಸಿದ. ನಾನು ಮಾಡಿದ ಕೆಲಸಗಳಲ್ಲಿ ಅಷ್ಟು ಹದವಾಗಿ ಕೂತದ್ದು ಇನ್ನೊಂದಿಲ್ಲ.

ಮರುವರ್ಷ ಸಾಹೇಬರು ವರ್ಗವಾದರು. ಹೊಸ ಸಾಹೇಬರು ಬೋಟು ನೋಡಲು ಬಂದರು. ನಾನು ಮಿಸ್ಡ್ ಕಾಲ್ ಕೊಟ್ಟು ತೋರಿಸಿದೆ, ಬಕೆಟ್ಟಿನಿಂದ ನೀರು ಹೊಯ್ದು ಪಂಪು ಓಡಿಸಿ ತೋರಿಸಿದೆ. ಅವರಿಗೆ ಬಹಳ ಹಿಡಿಸಿತು. ಅಂಬಿಗನ ಕಡೆ ತಿರುಗಿ, "ಇವನ್ಯಾರು?" ಎಂದರು.

"ಬೋಟ್ ನಡಸಾವ ರೀ. ಮಳಿಗಾಲಕ್ಕ ಇಲ್ಲೇ ಕಾಯ್ತಾನ."

"ಕಾಯಾಕ ಇದು ಅದಲ್ಲ? ಮತ್ತ ಇವನ್ಯಾಕ?"

"ಸರ, ಇದು ಬರೇ ಒದರ್ತದ್ರಿ. ಬೋಟ್ ನಡಸಾದಿಲ್ಲ," ಎಂದೆ.

"ಬೇಕಾದಾಗ ಫೋನ್ ಮಾಡಿ ಕರಸ್ತೀವಿ. ಊರಿನ್ಯಾಗ ಇರ್ತಾನಲ್ಲ."

ಅಂಬಿಗ ಬಗ್ಗಿ ಹಗ್ಗದ ಗಂಟು ಬಿಗಿದ. ಆಮೇಲೆ ಕಚೇರಿಗೆ ಎರಡು ಸಲ ಹೋಗಿ ನಿಂತು ಬಂದನೆಂದು ಕೇಳಿದೆ. ನಾನೂ ಹೋದೆ. ತುರ್ತಿಗೆ ಕರೆಸುತ್ತೇವೆಂದು ಹೇಳಿದ್ದನ್ನೇ ಹೇಳಿದರು. ಊರಿನಲ್ಲಿ ಕೂತು ಯಾವಾಗಲೋ ಬರುವ ಫೋನಿಗೆ ಕಾಯುತ್ತ ಯಾರ ಹೊಟ್ಟೆ ತುಂಬುತ್ತದೆ? ಆಶ್ಲೇಷ ಮಳೆ ಹತ್ತುವ ಹೊತ್ತಿಗೆ ಅವನು ಗೋವಾ ಕಡೆ ಮೀನಿನ ಬೋಟಿಗೆ ಹೊರಟುಹೋದ. ಹೋಗುವಾಗ ಅಂಗಡಿಗೆ ಬಂದು, ಹಗ್ಗ ಈ ಸಲ ಬದಲಿಸಬೇಕು ಎಂದು ನೆನಪು ಮಾಡಿ ಹೋದ. ಸಾಹೇಬರಿಗೆ ಈ ಸುದ್ದಿ ಮುಟ್ಟಿಸಿದೆ. "ಬ್ಯಾರೆ ಯಾರನ್ನರ ನೋಡೋಣ," ಎಂದರು. ನೋಡಲಿಲ್ಲ.

ಆ ವರ್ಷ ಮಹಾರಾಷ್ಟ್ರದ ಮಳೆ ನೀರು ತಡವಾಗಿ ಬಂತು, ಬಂದದ್ದು ಒಮ್ಮೆಲೇ ಬಂತು. ನಾರಾಯಣಪುರದಲ್ಲಿ ಗೇಟುಗಳನ್ನು ಎತ್ತಿದರು. ನಡುಗಡ್ಡೆಯ ಕಲ್ಲುಗಳು ಮುಳುಗಿದವು. ದಂಡೆಯ ಊರುಗಳಲ್ಲಿ ಆಟೋದಲ್ಲಿ ಮೈಕು ಕಟ್ಟಿಕೊಂಡು, ಹೊಳೆಗೆ ಇಳಿಯಬೇಡಿ ಎಂದು ಸಾರಿದರು. ಬೋಟು ದಿನವೂ ಜವಾಬು ಕೊಡುತ್ತಿತ್ತು.

ಮಧ್ಯಾಹ್ನ ಅಂಗಡಿಯಲ್ಲಿ ಒಂದು ಸ್ಟಾರ್ಟರ್ ಬೆಸುಗೆ ಹಾಕುತ್ತಿದ್ದೆ. ಟೀಚರಮ್ಮನ ಫೋನು.

"ಅಣ್ಣಾರ, ನಮ್ಮ ಮನ್ಯಾರಿಗಿ ಹಾವು ಕಡದದ್ರಿ." ಮಾತು ಒಂದೊಂದಾಗಿ ಬರುತ್ತಿತ್ತು. "ಹೊಳಿ ನೀರಿಗಿ ಹುಳ ಎಲ್ಲ ದಿಬ್ಬಕ್ಕ ಏರ್ಯಾವ. ಕುರಿಹಟ್ಟ್ಯಾಗ ಕಡದದ. ಬೋಟಿಗಿ ಹಚ್ಚಿದ್ದೆ, ನೀರಿಲ್ಲ, ಬ್ಯಾಟ್ರಿ ಚಲೋ ಅದ ಅಂದದ. ಅಂಬಿಗಗ ಹಚ್ಚಿದ್ರ ಹತ್ತವಲ್ದು. ಬೋಟ್ ಕಳಸ್ರಿ ಅಣ್ಣಾರ, ಜಲ್ದಿ."

ಅಂಬಿಗ ಗೋವಾಕ್ಕೆ ಹೋದದ್ದು ಅವಳಿಗೆ ಗೊತ್ತಿರಲಿಲ್ಲ. ನನ್ನ ಬಾಯಿಂದ ಆ ಮಾತು ಬರಲಿಲ್ಲ. "ಕಾಲು ಅಲ್ಲಾಡಿಸಬ್ಯಾಡ್ರಿ, ಮಲಗಿಸ್ರಿ, ನಾ ಬರಾಕತ್ತೀನಿ," ಎಂದೆ.

ಸಾಹೇಬರಿಗೆ ಫೋನ್ ಹಚ್ಚಿದೆ. ರಕ್ಷಣಾ ತಂಡಕ್ಕೆ ಹೇಳುತ್ತೇನೆ, ಅವರು ಇನ್ನೊಂದು ಊರಿನಲ್ಲಿ ಜನರನ್ನು ಹೊರಗೆ ತರುತ್ತಿದ್ದಾರೆ, ಮುಗಿಸಿ ಬರುತ್ತಾರೆ ಎಂದರು. ಅಂಬಿಗನಿಗೆ ಹಚ್ಚಿದೆ, ಹಚ್ಚುತ್ತಲೇ ಇದ್ದೆ. ಸುರಪುರ ಮುಟ್ಟುವ ಹೊತ್ತಿಗೆ ಹತ್ತಿತು. ಗಾಳಿಯ ಸಪ್ಪಳದ ನಡುವೆ ಅವನ ದನಿ: "ನಾ ಸಮುದ್ರದಾಗ ಅದೀನ್ರಿ. ಏನಾತ್ರಿ?" ಹೇಳಿದೆ. "ಬಲಕ್ಕ ಹಿಡಕೊಂಡು ಸೆಳವಿನ ಎದುರಿಗಿ ಮ್ಯಾಲ ಏರಿಸಿ, ಆಮ್ಯಾಲ ಬಿಡಬೇಕ್ರಿ ಬೋಟ್," ಎಂದ. "ನೀವು ಹೋಗಬ್ಯಾಡ್ರಿ. ನಿಮಗ ಆಗಾದಿಲ್ಲ. ಖರೇ ಹೇಳ್ತೀನಿ, ಹೋಗಬ್ಯಾಡ್ರಿ."

ಮಿಸ್ತ್ರಿಯನ್ನು ಹತ್ತಿಸಿಕೊಂಡು ಹೊಳೆಗೆ ಬಂದಾಗ ಬೋಟು ಏರಿದ ನೀರಿನ ಮೇಲೆ ಅಲುಗಾಡುತ್ತ ನಿಂತಿತ್ತು. ಒಳಗೆ ಒಂದು ಹನಿ ನೀರಿಲ್ಲ. ಹಗ್ಗ ಬಿಗಿಯಾಗಿತ್ತು. ಮಿಸ್ತ್ರಿ ಗುಂಡಿ ಒತ್ತಿದ ಕೂಡಲೇ ಇಂಜಿನ್ ಎದ್ದಿತು.

ನಡುಗಡ್ಡೆಯ ದಂಡೆಯಲ್ಲಿ ಜನ ನಿಂತದ್ದು ಕಾಣುತ್ತಿತ್ತು. ಹೊರಸಿನ ಮೇಲೆ ಮಲಗಿಸಿ ಅವನನ್ನು ನೀರಿನ ಅಂಚಿಗೆ ತಂದಿದ್ದರು. ಯಾರೋ ಸೀರೆಯ ಸೆರಗು ಬೀಸುತ್ತಿದ್ದರು. ಇಂಜಿನ್ ಸಪ್ಪಳ ಕೇಳಿ ಅವರೆಲ್ಲ ಕೂಗಿದರು.

"ಭಾಯ್, ನಾ ಇಂಜಿನ್ ನಡಸಿದ್ದು ಗ್ಯಾರೇಜಿನ್ಯಾಗ, ಡ್ರಮ್ಮಿನ ನೀರಾಗಿಟ್ಟು," ಎಂದ ಮಿಸ್ತ್ರಿ. "ಹೊಳಿಯಾಗ ಎಂದೂ ನಡಸಿಲ್ಲ. ನೀ ಹೇಳು. ಹೋಗೂನು ಅಂದ್ರ ಹೋಗೂನು."

ಹೋಗೋಣ ಎಂದೆ. ಹಗ್ಗ ಬಿಚ್ಚಿದೆವು. ದೊಡ್ಡ ಬಂಡೆಯ ಮರೆಯಲ್ಲಿ ನೀರು ಶಾಂತವಾಗಿತ್ತು. ಅಲ್ಲಿಯವರೆಗೆ ಬೋಟು ಮಾತು ಕೇಳಿತು. ಬಂಡೆ ದಾಟಿ ಮೂತಿ ಹೊರಗೆ ಬಂದದ್ದೇ ತಡ, ಸೆಳವು ಅದನ್ನು ಕಸಿದುಕೊಂಡಿತು. ಬೋಟು ಅಡ್ಡ ತಿರುಗಿತು. ಒಂದು ಮಗ್ಗುಲು ಪೂರ್ತಿ ವಾಲಿ ನೀರು ಒಳಗೆ ನುಗ್ಗಿತು. ಪಂಪು ಶುರುವಾಯಿತು. ಮಿಸ್ತ್ರಿ "ಯಾ ಅಲ್ಲಾ" ಎನ್ನುತ್ತ ಇಂಜಿನ್ನಿನ ಹಿಡಿಯನ್ನು ಎರಡೂ ಕೈಯಿಂದ ತಿರುಗಿಸುತ್ತಿದ್ದ. ಸೆಳವು ಬೋಟನ್ನು ಕೆಳಗೆ ಬಹಳ ದೂರ ಒಯ್ದು ಒಂದು ಜಾಲಿಮರದ ತಲೆಗೆ ಬಡಿದು ನಿಲ್ಲಿಸಿತು. ಮುಳುಗಿದ ಮರದ ಟೊಂಗೆ ಹಿಡಿದುಕೊಂಡೇ ದಂಡೆಗೆ ಜರುಗಿದೆವು. ಸೈರನ್ ಕೂಗುತ್ತಿತ್ತು. ನನ್ನ ಕಿಸೆಯಲ್ಲಿ ಫೋನ್ ಮಿಡಿಯಿತು. ಬೋಟಿನದೇ ಮೆಸೇಜು: ಒಳಗೆ ನೀರು ಬಂದಿದೆ ಎಂದು.

ಮಿಸ್ತ್ರಿಗೆ ಮಕ್ಕಳಿದ್ದಾರೆ. ನನಗೂ ಇದ್ದಾರೆ. ಇನ್ನೊಮ್ಮೆ ಹೋಗೋಣವೆಂದು ಅವನೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಕೆಸರಿನಲ್ಲಿ ಕೂತು ಸೈರನ್ನಿನ ತಂತಿ ಕಿತ್ತೆ.

ಟೀಚರಮ್ಮನ ಫೋನು ಮತ್ತೆ ಬಂತು. ಅವಳು ಎಲ್ಲವನ್ನೂ ಆ ದಂಡೆಯಿಂದ ನೋಡಿದ್ದಳು.

"ನೀವು ಉಳದ್ರಿಲ್ರಿ?" ಎಂದಳು ಮೊದಲು.

"ಉಳದೀವಿ ತಂಗಿ. ತಂಡದವ್ರು ಬರಾಕತ್ಯಾರ. ಅವ್ರು ಹ್ಯಾಂಗದಾರ?"

"ರೆಪ್ಪಿ ಮ್ಯಾಲ ಎತ್ತಾಕ ಆಗವಲ್ದು ಅಂತಾರ್ರಿ. ಮಾತು ತೊದಲಾಕತ್ತದ. ನೀರು ಕುಡದ್ರ ಇಳೀವಲ್ದು."

ಫೋನ್ ಬಂದ್ ಮಾಡಬೇಡಿ ಎಂದು ಅವಳೇ ಹೇಳಿದಳು. ನಾನು ಹಿಡಿದುಕೊಂಡೇ ಇದ್ದೆ. ಅವಳು ಗಂಡನ ಹೆಸರು ಹಿಡಿಯದೆ, "ಇಕಾಡಿ ನೋಡ್ರಿ, ನನ್ನ ಕಡಿ ನೋಡ್ರಿ," ಎನ್ನುತ್ತಿದ್ದದ್ದು ಕೇಳಿಸುತ್ತಿತ್ತು. ಕುರಿಗಳ ಕೂಗು ಕೇಳಿಸುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ಅವಳ ಮಾತು ನಿಂತಿತು, ಬೇರೆ ಹೆಂಗಸರ ದನಿ ಎದ್ದಿತು. ಎದುರಿನ ದಂಡೆಯಲ್ಲಿ ಜನ ಹೊರಸಿನ ಸುತ್ತ ಕೂಡಿದರು. ಹೊಳೆಯ ಸಪ್ಪಳಕ್ಕೆ ಆ ಅಳು ನಮ್ಮ ದಂಡೆಗೆ ಮುಟ್ಟಲಿಲ್ಲ. ಫೋನಿನಲ್ಲಿ ಮಾತ್ರ ಕೇಳಿಸಿತು.

ರಕ್ಷಣಾ ತಂಡ ತನ್ನ ರಬ್ಬರ್ ಬೋಟು ತಂದು ಹೊತ್ತು ಮುಳುಗುವ ಮುಂಚೆ ದಾಟಿತು. ಅವರು ತಂದದ್ದು ಹೆಣವನ್ನು.

ಕೆಲವು ದಿನದ ಮೇಲೆ ಸಾಹೇಬರು ಕರೆಸಿದರು. ಬೈಯುತ್ತಾರೆಂದುಕೊಂಡು ಹೋದೆ. ಕುರ್ಚಿ ಕೊಟ್ಟರು, ಚಹಾ ತರಿಸಿದರು.

"ನಿಮ್ಮ ಸಿಸ್ಟಮ್ ಬರೋಬ್ಬರಿ ಕೆಲಸ ಮಾಡ್ಯದ," ಎಂದರು. "ಬೋಟ್ ರೆಡಿ ಇತ್ತು ಅಂತ ಮ್ಯಾಲ ಹೇಳಾಕ ನಮಗ ಅನುಕೂಲ ಆತು. ಉಳದ ಬೋಟಿಗೂ ಹಚ್ಚಬೇಕಂತ ಅದ."

"ನಡಸಾವ್ರು, ಸರ?"

"ಅದು ಬ್ಯಾರೆ ವಿಷಯ ಬಿಡ್ರಿ. ಅದಕ್ಕ ಪ್ರಪೋಸಲ್ ಕಳಸೀವಿ."

ಚಹಾ ಅಲ್ಲಿಯೇ ಬಿಟ್ಟು ಎದ್ದೆ. ಬೇರೆ ಬೋಟುಗಳಿಗೆ ನಾನು ಮಾಡುವುದಿಲ್ಲವೆಂದು ಹೇಳಿದೆ. ಅವರೇನೂ ಸಿಟ್ಟಾಗಲಿಲ್ಲ. ಮಾಡುವವರು ಬೇರೆ ಯಾರಾದರೂ ಸಿಗುತ್ತಾರೆ ಎಂಬಂತೆ ತಲೆಯಾಡಿಸಿದರು. ಸಿಕ್ಕಿದರು ಕೂಡ.

ನೀರು ಇಳಿದು ಕಲ್ಲುಗಳು ಮತ್ತೆ ಕಂಡಾಗ ನಾನೊಬ್ಬನೇ ಹೊಳೆಗೆ ಹೋದೆ. ಬೋಟನ್ನು ಹಳೆಯ ಬಂಡೆಗೇ ತಂದು ಕಟ್ಟಿದ್ದರು. ಪೆಟ್ಟಿಗೆ ಬಿಚ್ಚಿ ತರುವುದೆಂದು ನಿರ್ಧಾರ ಮಾಡಿದ್ದೆ. ಅದು ಇದ್ದಷ್ಟು ದಿನ ಬೋಟು ಸಿದ್ಧವಿದೆ ಎಂದು ಹೇಳುತ್ತಲೇ ಇರುತ್ತದೆ. ಅದರ ಮಾತು ಹಿಡಿದು ಯಾರೂ ಅಂಬಿಗನನ್ನು ಹುಡುಕುವುದಿಲ್ಲ. ಅದು ಬಾಯಿ ಮುಚ್ಚಿದರೆ ಯಾರಿಗಾದರೂ ದಿಗಿಲಾದೀತು ಎಂದು ಆಸೆ. ಸೋಲಾರ್ ಹಲಗೆಯ ತಂತಿ ಬಿಡಿಸಿ, ಮುಚ್ಚಳದ ಸ್ಕ್ರೂ ತಿರುಗಿಸುತ್ತಿದ್ದಾಗ ಕಲ್ಲುಗಳ ಮೇಲಿಂದ ಟೀಚರಮ್ಮ ಬಂದಳು. ಹೆಗಲಿಗೆ ಅಂಗನವಾಡಿಯ ಹಿಟ್ಟು ತರುವ ಖಾಲಿ ಚೀಲ ಇತ್ತು. ಬಹಳ ಇಳಿದುಹೋಗಿದ್ದಳು. ದಂಡೆಗೆ ಬಂದು ನಿಂತು ನೋಡಿದಳು.

"ಏನ್ ಮಾಡಾಕತ್ತೀರಿ ಅಣ್ಣಾರ?"

"ಬಿಚ್ಚಾಕತ್ತೀನಿ ತಂಗಿ. ಇದು ಇದ್ದೂ ಏನ್ ಮಾಡ್ತು?"

ಅವಳು ಬೋಟಿನ ಅಂಚು ಹಿಡಿದಳು. ಕಣ್ಣೀರು ಬರುತ್ತದೆಂದು ನಾನು ಕೆಳಗೆ ನೋಡುತ್ತ ನಿಂತೆ. ಬರಲಿಲ್ಲ.

"ಆ ದಿನ ನಾ ಕಚೇರಿಗಿ ಹಚ್ಚಿದ್ದೆ, ಯಾರೂ ಎತ್ತಲಿಲ್ಲ," ಎಂದಳು. "ದವಾಖಾನಿಗಿ ಹಚ್ಚಿದೆ, ಕರಕೊಂಡ್ ಬರ್ರಿ ಅಂದ್ರು. ಪೊಲೀಸ್ರಿಗಿ ಹಚ್ಚಿದೆ, ಹೊಳಿಗಿ ಇಳೀಬ್ಯಾಡ್ರಿ ಅಂದ್ರು. ಇದೊಂದ ನೋಡ್ರಿ ಹಚ್ಚಿದಾಗೊಮ್ಮೆ ಜವಾಬು ಕೊಟ್ಟಿದ್ದು. ಇದನ್ನೂ ಒಯ್ದ್ರ ನಮಗ ಯಾರದಾರ್ರಿ?"

ಅವಳು ಉತ್ತರಕ್ಕೆ ಕಾಯಲಿಲ್ಲ. ಬಸ್ಸಿನ ಹೊತ್ತಾಗಿತ್ತು. ಚೀಲ ಸರಿಮಾಡಿಕೊಂಡು ದಂಡೆ ಏರಿ ಹೋದಳು. ನಾನು ಸ್ಕ್ರೂಗಳನ್ನು ಮತ್ತೆ ಬಿಗಿದೆ, ತಂತಿ ಕೂಡಿಸಿದೆ, ಹೊರಟುಬಂದೆ.